ಬ್ಯಾಂಕಿನ ವಿವರ ಗಣಕಯಂತ್ರಕ್ಕೆ ಇಳಿದರೆ ತಾಳೆ ಮುಗಿಯಿತೇ?

ವರ್ಷಾಂತ್ಯದ ಲೆಕ್ಕಪರಿಶೋಧನೆಗೆಂದು ಯಂತ್ರಭಾಗಗಳನ್ನು ತಯಾರಿಸುವ ಒಂದು ಸಣ್ಣ ಘಟಕಕ್ಕೆ ಹೋಗಿದ್ದೆ. ಮಾಲೀಕರು ಮೊದಲು ನನ್ನ ಮುಂದಿಟ್ಟದ್ದು ಬ್ಯಾಂಕ್ ತಾಳೆಪಟ್ಟಿಯನ್ನು. ಹನ್ನೆರಡು ತಿಂಗಳಲ್ಲಿ ಒಂದು ತಿಂಗಳೂ ವ್ಯತ್ಯಾಸವಿರಲಿಲ್ಲ. "ಈಗ ಬ್ಯಾಂಕಿನ ವಿವರವನ್ನೆಲ್ಲ ನೇರವಾಗಿ ತಂತ್ರಾಂಶಕ್ಕೇ ಇಂಪೋರ್ಟ್ ಮಾಡುತ್ತೇವೆ ಸರ್, ಒಂದು ಪೈಸೆಯೂ ಆಚೀಚೆ ಆಗುವುದಿಲ್ಲ" ಎಂದು ಅವರು ಸಂತೋಷದಿಂದಲೇ ಹೇಳಿದರು.

ಆದರೆ ಬರಬೇಕಾದ ಬಾಕಿಗಳ ಪಟ್ಟಿಯಲ್ಲಿ ಒಬ್ಬ ಹಳೆಯ ಗಿರಾಕಿಯ ಹೆಸರಿನಲ್ಲಿ 1,86,000 ರೂಪಾಯಿ ಐದು ತಿಂಗಳಿಂದ ನಿಂತಿತ್ತು. ವಿಚಾರಿಸಿದಾಗ ಗಿರಾಕಿಯು "ಚೆಕ್ಕು ಕೊಟ್ಟು ಐದು ತಿಂಗಳಾಯಿತಲ್ಲ!" ಎಂದರು. ಹುಡುಕಿದಾಗ ಚೆಕ್ಕು ಹಳೆಯ ಡೆಲಿವರಿ ಚಲನ್‌ಗಳ ನಡುವೆ ಮೇಜಿನ ಖಾನೆಯಲ್ಲೇ ಸಿಕ್ಕಿತು. 2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯುಷ್ಯ ಮೂರೇ ತಿಂಗಳು. ಗಿರಾಕಿಯು ಹೊಸ ಚೆಕ್ಕು ಕೊಡಲು ಒಪ್ಪಿದರೂ ಅಷ್ಟರಲ್ಲಿ ಅವರ ವ್ಯವಹಾರ ಕುಸಿದಿತ್ತು. ಹಣವು ಕಂತುಕಂತಾಗಿ ಬಂದಿತು. ಕೊನೆಯ ಭಾಗ ಬರಲೇ ಇಲ್ಲ.

ಹಾಗಾದರೆ ಸೊನ್ನೆ ವ್ಯತ್ಯಾಸದ ಆ ತಾಳೆಪಟ್ಟಿಗಳು ಏನು ಹೇಳುತ್ತಿದ್ದವು? ವಾಸ್ತವದಲ್ಲಿ ಅವು ಏನನ್ನೂ ಹೇಳುತ್ತಿರಲಿಲ್ಲ. ಆ ಘಟಕದ ಗುಮಾಸ್ತರು ಕೀರ್ದಿಯಲ್ಲಿ ಚೆಕ್ಕು ಬಂದ ದಿನವೇ ನಮೂದಿಸುವ ಪದ್ಧತಿಯನ್ನು ಬಿಟ್ಟಿದ್ದರು. ಬ್ಯಾಂಕಿನ ವಿವರದಲ್ಲಿ ಕಂಡದ್ದಷ್ಟೇ ಪುಸ್ತಕಕ್ಕೆ ಬರುತ್ತಿತ್ತು. ಹೀಗಾಗಿ ಪುಸ್ತಕವು ಬ್ಯಾಂಕಿನ ಲೆಕ್ಕದ ನಕಲು ಪ್ರತಿಯಾಗಿತ್ತು. ಮೂಲಕ್ಕೂ ನಕಲಿಗೂ ತಾಳೆಯಾಗುವುದರಲ್ಲಿ ಆಶ್ಚರ್ಯವೇನಿದೆ?

ತಾಳೆ ಎಂದರೆ ಏನು?

ತಾಳೆ ನೋಡುವುದೆಂದರೆ ಇಬ್ಬರು ಬೇರೆಬೇರೆಯಾಗಿ ಬರೆದ ಲೆಕ್ಕಗಳನ್ನು ಹೋಲಿಸುವುದು. ನಾವು ಬ್ಯಾಂಕಿನಲ್ಲಿ ಇಟ್ಟ ಹಣ ನಮಗೆ ಆಸ್ತಿ, ಬ್ಯಾಂಕಿಗೆ ಹೊಣೆ. ಆದ್ದರಿಂದ ನಮ್ಮ ಪುಸ್ತಕದ ಡೆಬಿಟ್ ಶಿಲ್ಕು ಬ್ಯಾಂಕಿನ ವಿವರದಲ್ಲಿ ಕ್ರೆಡಿಟ್ ಎಂದು ಕಾಣುತ್ತದೆ. ನಮ್ಮ ಪುಸ್ತಕವನ್ನು ನಾವು ಬಿಲ್ಲು, ರಸೀದಿ, ಚೆಕ್‌ಬುಕ್ಕಿನ ಅಡಿಪಟ್ಟಿಗಳನ್ನು ನೋಡಿ ಬರೆಯುತ್ತೇವೆ. ಬ್ಯಾಂಕು ತನ್ನ ಕೌಂಟರಿನಲ್ಲಿಯೂ ತನ್ನ ಗಣಕದಲ್ಲಿಯೂ ನಡೆದದ್ದನ್ನು ನೋಡಿ ಬರೆಯುತ್ತದೆ. ಎರಡು ಸಾಕ್ಷಿಗಳು ಪ್ರತ್ಯೇಕವಾಗಿ ನುಡಿದಾಗ ಮಾತ್ರ ಸಾಕ್ಷ್ಯಕ್ಕೆ ಬೆಲೆ. ಒಬ್ಬನ ಮಾತನ್ನೇ ಇನ್ನೊಬ್ಬನ ಬಾಯಲ್ಲಿ ಹೇಳಿಸಿದರೆ ಸಾಕ್ಷಿಗಳು ಎರಡಾಗುವುದಿಲ್ಲ.

ಒಂದು ತಿಂಗಳ ಲೆಕ್ಕವನ್ನು ಉದಾಹರಣೆಯಾಗಿ ನೋಡೋಣ.

ನಮ್ಮ ಪುಸ್ತಕದಂತೆ ಶಿಲ್ಕು: ರೂ. 3,42,600
ಕಳೆಯಬೇಕು – ನಮೂದಾಗದ ಬ್ಯಾಂಕ್ ಶುಲ್ಕ, ಜಿಎಸ್‌ಟಿ ಸೇರಿ: ರೂ. 590
ಕಳೆಯಬೇಕು – ನಮೂದಾಗದ ಸಾಲದ ಕಂತು: ರೂ. 32,400
ಕೂಡಿಸಬೇಕು – ಗಿರಾಕಿಯಿಂದ ನೇರವಾಗಿ ಬಂದ ನೆಫ್ಟ್ ಹಣ: ರೂ. 1,17,000
ತಿದ್ದಿದ ಪುಸ್ತಕದ ಶಿಲ್ಕು: ರೂ. 4,26,610
ಕೂಡಿಸಬೇಕು – ನಾವು ಕೊಟ್ಟಿದ್ದರೂ ನಗದಾಗದ ಚೆಕ್ಕು: ರೂ. 58,000
ಕಳೆಯಬೇಕು – ನಮಗೆ ಬಂದಿದ್ದರೂ ಜಮೆಯಾಗದ ಚೆಕ್ಕು: ರೂ. 74,500
ಬ್ಯಾಂಕಿನ ವಿವರದಂತೆ ಶಿಲ್ಕು: ರೂ. 4,10,110

ಇಲ್ಲಿ ಎರಡು ಬಗೆಯ ವ್ಯತ್ಯಾಸಗಳಿವೆ. ಮೊದಲ ಮೂರು ನಮ್ಮ ಪುಸ್ತಕದಲ್ಲಿ ಬಿಟ್ಟುಹೋದವು, ನಮೂದಿಸಿದರೆ ಮುಗಿಯಿತು. ಈ ಕೆಲಸವನ್ನು ಇಂಪೋರ್ಟ್ ಸೌಲಭ್ಯವು ಚೆನ್ನಾಗಿಯೇ ಮಾಡಿಕೊಡುತ್ತದೆ. ಕೊನೆಯ ಎರಡು ಬ್ಯಾಂಕಿಗೆ ಇನ್ನೂ ತಿಳಿಯದ ಸಂಗತಿಗಳು. ಬ್ಯಾಂಕಿಗೇ ತಿಳಿಯದ್ದು ಬ್ಯಾಂಕಿನ ವಿವರದಲ್ಲಿ ಹೇಗೆ ಬಂದೀತು?

ಇಂಪೋರ್ಟನ್ನೇ ನಂಬಿದ ವರ್ತಕರ ಪರದೆಯ ಮೇಲೆ 4,10,110 ರೂಪಾಯಿ ಕಾಣುತ್ತದೆ. ಅವರು ಅದನ್ನು ನೋಡಿ 4 ಲಕ್ಷದ ಚೆಕ್ಕು ಬರೆಯುತ್ತಾರೆ. ಮರುದಿನ ಹಳೆಯ 58,000 ರೂಪಾಯಿಯ ಚೆಕ್ಕು ಬ್ಯಾಂಕಿಗೆ ಬರುತ್ತದೆ. ಎರಡರಲ್ಲಿ ಒಂದು ಹಿಂದಿರುಗಲೇಬೇಕು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಂತೆ, ನೋಟಿಸಿನ ನಂತರವೂ ಹಣ ಕೊಡದಿದ್ದರೆ ಎರಡು ವರ್ಷಗಳವರೆಗೆ ಸೆರೆವಾಸ, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪ್ರಕರಣ ಅಲ್ಲಿಯವರೆಗೆ ಹೋಗದಿದ್ದರೂ ಪೇಟೆಯಲ್ಲಿ ಹೋದ ಮರ್ಯಾದೆ ಸುಲಭವಾಗಿ ಮರಳುವುದಿಲ್ಲ.

ಇಂಪೋರ್ಟ್ ಮಾಡುವ ಮುನ್ನ

ಈ ಸೌಲಭ್ಯವನ್ನು ಬಳಸಬೇಡಿರೆಂದು ನಾನು ಹೇಳುತ್ತಿಲ್ಲ. ನೂರಾರು ಯುಪಿಐ ಜಮೆಗಳನ್ನು ಒಂದೊಂದಾಗಿ ಕೈಯಿಂದ ಬೆರಳಚ್ಚು ಮಾಡುವುದು ಸಮಯದ ಅಪವ್ಯಯ. ಅದರಲ್ಲಿ ತಪ್ಪುಗಳೂ ಹೆಚ್ಚು. ಆದರೆ ಕ್ರಮವರಿತು ಬಳಸಬೇಕು.

ನಮ್ಮ ಬ್ಯಾಂಕುಗಳಿಂದ ವಿವರವು ಸಾಮಾನ್ಯವಾಗಿ ಪಿಡಿಎಫ್, ಎಕ್ಸೆಲ್ ಅಥವಾ ಸಿಎಸ್‌ವಿ ರೂಪದಲ್ಲಿ ದೊರೆಯುತ್ತದೆ. ಸಿಎಸ್‌ವಿ ಎಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಟ್ಟಿ. ಇದನ್ನು ಎಕ್ಸೆಲ್‌ನಲ್ಲಿ ತೆರೆದು, ಹಾಗೆಯೇ ಉಳಿಸಿ, ನಂತರ ತಂತ್ರಾಂಶಕ್ಕೆ ಕೊಡುವುದು ಬಹುತೇಕ ಕಚೇರಿಗಳ ರೂಢಿ. ತೊಂದರೆ ಆರಂಭವಾಗುವುದು ಅಲ್ಲಿಯೇ. ಯುಪಿಐ ವ್ಯವಹಾರದ ಉಲ್ಲೇಖ ಸಂಖ್ಯೆಯಲ್ಲಿ 12 ಅಂಕಿಗಳಿರುತ್ತವೆ. ಎಕ್ಸೆಲ್ ಇದನ್ನು ಒಂದು ದೊಡ್ಡ ಮೊತ್ತವೆಂದು ಭಾವಿಸಿ 4.12ಇ+11 ಎಂಬಂತೆ ಸಂಕ್ಷೇಪಿಸಿ ತೋರಿಸುತ್ತದೆ. ಸಿಎಸ್‌ವಿಯಾಗಿ ಉಳಿಸಿದಾಗ ಕಡತದಲ್ಲಿ ಉಳಿಯುವುದೂ ಆ ಸಂಕ್ಷೇಪವೇ. ಚೆಕ್ಕಿನ ಸಂಖ್ಯೆ 000123 ಎಂದಿದ್ದರೆ ಮೊದಲ ಸೊನ್ನೆಗಳು ಉದುರಿ 123 ಆಗುತ್ತದೆ. ಯಾವ ಸಂಖ್ಯೆಯ ಆಧಾರದ ಮೇಲೆ ತಾಳೆ ಮಾಡಬೇಕಾಗಿತ್ತೋ ಅದೇ ಕೆಟ್ಟುಹೋಗುತ್ತದೆ. ಆದ್ದರಿಂದ ಬ್ಯಾಂಕಿನಿಂದ ಬಂದ ಮೂಲ ಕಡತವನ್ನು ಮುಟ್ಟದೆ ಪ್ರತ್ಯೇಕವಾಗಿ ಇಡಿ. ಎಕ್ಸೆಲ್‌ನಲ್ಲಿ ತೆರೆಯಲೇಬೇಕಾದರೆ ಆ ಸಾಲನ್ನು ಪಠ್ಯವೆಂದು ಮೊದಲೇ ಸೂಚಿಸಿ.

ಎರಡನೆಯದು ದಿನಾಂಕ. 05/04 ಎಂದರೆ ನಮಗೆ ಏಪ್ರಿಲ್ 5. ಅಮೆರಿಕದ ಪದ್ಧತಿಯ ತಂತ್ರಾಂಶಕ್ಕೆ ಅದು ಮೇ 4. ದಿನಾಂಕವು 12ರ ಒಳಗಿದ್ದಾಗ ಈ ತಪ್ಪು ಕಣ್ಣಿಗೆ ಬೀಳುವುದೂ ಇಲ್ಲ.

ಮೂರನೆಯದಾಗಿ, ಇಂಪೋರ್ಟಿಗೆ ಮೊದಲು ಕಡತದ ಮೇಲೆ ಒಂದು ಸರಳ ಪರೀಕ್ಷೆ ಮಾಡಿ: ಆರಂಭದ ಶಿಲ್ಕಿಗೆ ಒಟ್ಟು ಜಮೆಯನ್ನು ಕೂಡಿಸಿ, ಒಟ್ಟು ಖರ್ಚನ್ನು ಕಳೆದರೆ ಅಂತ್ಯದ ಶಿಲ್ಕು ಬರಬೇಕು. ಬರದಿದ್ದರೆ ಕಡತವೇ ಅಪೂರ್ಣ. ಯಾವುದೋ ಪುಟ ಬಿಟ್ಟುಹೋಗಿದೆ ಅಥವಾ ಜಮೆ ಮತ್ತು ಖರ್ಚಿನ ಸಾಲುಗಳು ಅದಲುಬದಲಾಗಿವೆ ಎಂದು ತಿಳಿಯಬೇಕು.

ಇಂಪೋರ್ಟ್ ಮಾಡುವಾಗ

ಟ್ಯಾಲಿಯನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಅದರ ಬ್ಯಾಂಕ್ ತಾಳೆಯ ಪರದೆಯಲ್ಲಿ ಪ್ರತಿ ನಮೂದಿಗೂ 'ಬ್ಯಾಂಕ್ ದಿನಾಂಕ' ಎಂಬ ಸ್ಥಳವಿದೆ. ಬ್ಯಾಂಕಿನ ದಿನಾಂಕ ಬೀಳದ ನಮೂದೆಲ್ಲವೂ ಇನ್ನೂ ತಾಳೆಯಾಗದ್ದು. ಸ್ವಂತ ಹಾಗೂ ಮನೆಯ ಲೆಕ್ಕಗಳಿಗೆ ಉಚಿತವಾಗಿ ದೊರೆಯುವ ಗ್ನೂಕ್ಯಾಶ್ ತಂತ್ರಾಂಶದಲ್ಲಿಯೂ ಇದೇ ತತ್ವವಿದೆ. ಅಲ್ಲಿ ಪ್ರತಿ ನಮೂದಿನ ಎದುರು 'ಎನ್', 'ಸಿ' ಅಥವಾ 'ವೈ' ಎಂಬ ಗುರುತು ಇರುತ್ತದೆ. 'ಎನ್' ಎಂದರೆ ತಾಳೆಯಾಗಿಲ್ಲ. 'ಸಿ' ಎಂದರೆ ಬ್ಯಾಂಕಿನಲ್ಲಿ ಕಂಡುಬಂದಿದೆ. 'ವೈ' ಎಂದರೆ ವಿವರದ ಅಂತ್ಯದ ಶಿಲ್ಕಿನೊಂದಿಗೆ ಪೂರ್ಣವಾಗಿ ತಾಳೆಯಾಗಿದೆ. ಕಂಡುಬಂದದ್ದು ಬೇರೆ, ತಾಳೆಯಾದದ್ದು ಬೇರೆ ಎಂಬ ಈ ವಿಂಗಡಣೆಯು ಬಹು ಅರ್ಥಪೂರ್ಣ.

ಬ್ಯಾಂಕಿನ ಕಡತವನ್ನು ಕೊಟ್ಟಾಗ ತಂತ್ರಾಂಶವು ಪ್ರತಿ ಸಾಲಿಗೂ ಮೂರು ದಾರಿಗಳನ್ನು ತೋರಿಸುತ್ತದೆ: ಪುಸ್ತಕದಲ್ಲಿ ಈಗಾಗಲೇ ಇರುವ ನಮೂದಿಗೆ ಜೋಡಿಸುವುದು, ಹೊಸ ನಮೂದು ಮಾಡುವುದು ಅಥವಾ ಬಿಡುವುದು. ಮೊದಲ ದಾರಿಗೆ ಯಾವಾಗಲೂ ಆದ್ಯತೆ ಇರಲಿ. ಹೊಸ ನಮೂದು ಎಂದು ಒತ್ತುವ ಮುನ್ನ "ಇದು ನನ್ನ ಪುಸ್ತಕದಲ್ಲಿ ಏಕೆ ಇರಲಿಲ್ಲ?" ಎಂದು ಕೇಳಿಕೊಳ್ಳಬೇಕು. ಬ್ಯಾಂಕ್ ಶುಲ್ಕವಾದರೆ ಉತ್ತರ ಸುಲಭ. ಗುರುತಿಲ್ಲದ 9,000 ರೂಪಾಯಿಯ ಖರ್ಚಾದರೆ ಉತ್ತರ ಸಿಗುವವರೆಗೆ ಮುಂದೆ ಹೋಗಬಾರದು.

ಹಿಂದಿನ ನಮೂದುಗಳನ್ನು ನೋಡಿ ಈ ಸಾಲು ಯಾವ ಖಾತೆಗೆ ಸೇರಬೇಕೆಂದು ತಂತ್ರಾಂಶವು ತಾನೇ ಊಹಿಸುತ್ತದೆ. ಊಹೆಯು ಬಹಳ ಸಲ ಸರಿಯಾಗಿರುತ್ತದೆ, ಅಪಾಯವಿರುವುದೂ ಅದರಲ್ಲಿಯೇ. ಒಬ್ಬ ಸರಬರಾಜುದಾರರಿಗೆ ಕೊಟ್ಟ ಹಣವೆಲ್ಲ ಕಚ್ಚಾಮಾಲಿನ ಖರೀದಿ ಎಂದು ಅದು ಕಲಿತಿರುತ್ತದೆ. ಅದೇ ವ್ಯಕ್ತಿಗೆ ಒಂದು ದಿನ ಕೈಸಾಲ ಕೊಟ್ಟರೆ ಅದೂ ಖರೀದಿಯಾಗಿಯೇ ಬರೆಯಲ್ಪಡುತ್ತದೆ. ಬ್ಯಾಂಕಿನ ಶಿಲ್ಕು ತಾಳೆಯಾಗುತ್ತದೆ; ಲಾಭ-ನಷ್ಟ ಪಟ್ಟಿ ಸುಳ್ಳಾಗುತ್ತದೆ.

ಇಮ್ಮಡಿ ನಮೂದು ಇನ್ನೊಂದು ಪಿಡುಗು. ಏಪ್ರಿಲ್ 1ರಿಂದ 30ರವರೆಗಿನ ವಿವರವನ್ನು ಸೇರಿಸಿ, ಮುಂದಿನ ಸಲ ಏಪ್ರಿಲ್ 25ರಿಂದ ಮೇ 10ರವರೆಗಿನ ಕಡತವನ್ನು ಕೊಟ್ಟರೆ ಆರು ದಿನಗಳ ವ್ಯವಹಾರ ಎರಡೆರಡು ಸಲ ಬರಬಹುದು. 1997ರಲ್ಲಿ ರೂಪುಗೊಂಡ ಓಎಫ್‌ಎಕ್ಸ್ ಎಂಬ ಕಡತ ರೂಪದಲ್ಲಿ ಪ್ರತಿ ವ್ಯವಹಾರಕ್ಕೂ ಬ್ಯಾಂಕೇ ಕೊಟ್ಟ ಪ್ರತ್ಯೇಕ ಗುರುತು ಇರುವುದರಿಂದ ತಂತ್ರಾಂಶವು ಇಮ್ಮಡಿಯನ್ನು ಹಿಡಿಯಬಲ್ಲದು. ಸಿಎಸ್‌ವಿಯಲ್ಲಿ ಅಂತಹ ಕಡ್ಡಾಯ ಗುರುತಿಲ್ಲ. ಆದಕಾರಣ ಹಿಂದಿನ ಕಡತ ಎಲ್ಲಿಗೆ ಮುಗಿದಿತ್ತೋ ಅದರ ಮರುದಿನದಿಂದಲೇ ಮುಂದಿನ ಕಡತವನ್ನು ಪಡೆಯುವ ಶಿಸ್ತು ಅವಶ್ಯ.

ಒಂದು ಮೊತ್ತ, ಹಲವು ಲೆಕ್ಕ

ಬ್ಯಾಂಕು ಬರೆಯುವುದು ಬಂದ ಮತ್ತು ಹೋದ ಹಣವನ್ನು ಮಾತ್ರ. ಅದರ ಹಿಂದಿನ ವ್ಯವಹಾರವನ್ನು ನಾವೇ ಬರೆಯಬೇಕು.

ಕ್ರೆಡಿಟ್ ಕಾರ್ಡಿನಲ್ಲಿ ಒಂದು ದಿನ 50,000 ರೂಪಾಯಿ ವ್ಯಾಪಾರವಾಯಿತು ಎನ್ನೋಣ. ಕಾರ್ಡ್ ಯಂತ್ರದ ಶುಲ್ಕ ಶೇ. 2ರಂತೆ 1,000 ರೂಪಾಯಿ, ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ 180 ರೂಪಾಯಿ ಮುರಿದುಕೊಂಡು 48,820 ರೂಪಾಯಿ ಜಮೆಯಾಗುತ್ತದೆ. ಇಂಪೋರ್ಟ್ ಮಾಡಿ ಅಷ್ಟನ್ನೇ ಮಾರಾಟ ಎಂದು ಬರೆದರೆ ಮಾರಾಟ 1,180 ರೂಪಾಯಿ ಕಡಿಮೆಯಾಯಿತು, 1,000 ರೂಪಾಯಿ ವೆಚ್ಚ ಮರೆಯಾಯಿತು, 180 ರೂಪಾಯಿಯ ಹೂಡುವಳಿ ತೆರಿಗೆ ಜಮೆ ಕೈತಪ್ಪಿತು.

ಜಾಬ್‌ವರ್ಕ್ ಮಾಡುವವರ ಲೆಕ್ಕವೂ ಹಾಗೆಯೇ. ಒಂದು ಲಕ್ಷದ ಬಿಲ್ಲಿಗೆ 18,000 ಜಿಎಸ್‌ಟಿ ಸೇರಿ 1,18,000 ಬರಬೇಕು. ಗಿರಾಕಿಯು ಶೇ. 1ರಂತೆ 1,000 ರೂಪಾಯಿ ಮೂಲದಲ್ಲಿ ತೆರಿಗೆ ಕಡಿತ ಮಾಡಿ 1,17,000 ಕಳುಹಿಸುತ್ತಾರೆ. ಆ ಸಾವಿರ ರೂಪಾಯಿ ನಿಮ್ಮದೇ ಆಸ್ತಿ. ನಿಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಸಂದಾಯವಾಗಿದೆಯೇ ಎಂದು ಇಲಾಖೆಯ ಜಾಲತಾಣದಲ್ಲಿ ನೋಡಿ ಹಿಂಪಡೆಯಬೇಕಾದದ್ದು. ಇಂಪೋರ್ಟ್ ಮಾಡಿದ ಸಾಲಿನಲ್ಲಿ ಅದರ ಸುಳಿವೂ ಇರುವುದಿಲ್ಲ. ಸಾಲದ ಕಂತೂ ಅಷ್ಟೇ: 32,400ರಲ್ಲಿ ಬಡ್ಡಿಯೆಷ್ಟು, ಅಸಲೆಷ್ಟು ಎಂಬುದು ಸಾಲದ ಖಾತೆಯ ವಿವರದಲ್ಲಿದೆ, ಚಾಲ್ತಿ ಖಾತೆಯ ವಿವರದಲ್ಲಿಲ್ಲ.

ಮಾಲೀಕರ ಸ್ವಂತ ಖಾತೆ

ಅಂಗಡಿಯ ಲೆಕ್ಕವನ್ನು ಗುಮಾಸ್ತರು ಬರೆಯುತ್ತಾರೆ. ಮಾಲೀಕರ ಉಳಿತಾಯ ಖಾತೆಯ ಲೆಕ್ಕವನ್ನು ಯಾರೂ ಬರೆಯುವುದಿಲ್ಲ. ಆದರೆ ಸಣ್ಣ ವ್ಯಾಪಾರಗಳಲ್ಲಿ ಕ್ಯೂಆರ್ ಫಲಕವು ಎಷ್ಟೋ ಸಲ ಅದೇ ಉಳಿತಾಯ ಖಾತೆಗೆ ಜೋಡಿಸಲ್ಪಟ್ಟಿರುತ್ತದೆ.

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಸ್ವೀಕರಿಸಿದ ಹಣದ ಮಾಹಿತಿಯನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದ್ದನ್ನು ಓದುಗರು ಮರೆತಿರಲಾರರು. ಜಿಎಸ್‌ಟಿ ನೋಂದಣಿಯ ಮಿತಿಯು ಸರಕುಗಳಿಗೆ ವಾರ್ಷಿಕ 40 ಲಕ್ಷ, ಸೇವೆಗಳಿಗೆ 20 ಲಕ್ಷ ರೂಪಾಯಿ. ಸ್ವೀಕೃತಿಯು ಅದನ್ನು ಮೀರಿತ್ತೆಂಬುದು ನೋಟಿಸಿನ ಆಧಾರ. ಬಂದದ್ದೆಲ್ಲ ವ್ಯಾಪಾರದ ಹಣವಲ್ಲ, ಕುಟುಂಬದವರು ಕಳುಹಿಸಿದ್ದೂ ಕೈಸಾಲವೂ ಅದರಲ್ಲಿ ಸೇರಿದೆ ಎಂದು ಅನೇಕರು ಹೇಳಿದರು. ಹಾಲು, ತರಕಾರಿಯಂತಹ ವಿನಾಯಿತಿ ಪಡೆದ ಸರಕುಗಳ ಮಾರಾಟವೂ ಸೇರಿದೆ ಎಂದರು. ಅವರ ಮಾತು ನಿಜವಿರಬಹುದು. ಆದರೆ ಮೂರು ವರ್ಷಗಳ ಹಿಂದಿನ ಒಂದು ಜಮೆ ತಂಗಿಯ ಮದುವೆಗೆ ಅಣ್ಣ ಕಳುಹಿಸಿದ ಹಣವೆಂದು ಇಂದು ತೋರಿಸುವುದು ಹೇಗೆ? ಬಂದ ವಾರವೇ ತಂತ್ರಾಂಶದಲ್ಲಿ ಅದರ ಎದುರು ಒಂದು ಸಾಲು ಬರೆದಿಟ್ಟವರಿಗೆ ಉತ್ತರವಿತ್ತು. ಉಳಿದವರಿಗೆ ನೆನಪೊಂದೇ ಆಧಾರ.

ಆದಾಯ ತೆರಿಗೆ ಇಲಾಖೆಯೂ 2021ರ ನವೆಂಬರ್‌ನಿಂದ ವಾರ್ಷಿಕ ಮಾಹಿತಿ ವಿವರಣೆಯ ಮೂಲಕ ನಮ್ಮ ಬಡ್ಡಿ, ಠೇವಣಿ, ಷೇರು ವ್ಯವಹಾರಗಳನ್ನು ನಮಗೇ ತೋರಿಸುತ್ತಿದೆ. ನಮ್ಮ ಲೆಕ್ಕ ನಮಗಿಂತ ಮೊದಲು ಇಲಾಖೆಗೆ ತಿಳಿದಿರುವ ಕಾಲವಿದು. ಆದ್ದರಿಂದ ವ್ಯಾಪಾರದ ಖಾತೆಯನ್ನೂ ಸ್ವಂತ ಖಾತೆಯನ್ನೂ ಬೇರ್ಪಡಿಸಿ. ಎರಡನ್ನೂ ತಾಳೆ ನೋಡಿ. ಒಂದರಿಂದ ಇನ್ನೊಂದಕ್ಕೆ ಹಣ ವರ್ಗಾಯಿಸಿದಾಗ ಎರಡೂ ಕಡತಗಳಲ್ಲಿ ಬರುವ ಆ ಮೊತ್ತವನ್ನು ಒಂದೇ ವರ್ಗಾವಣೆಯಾಗಿ ಜೋಡಿಸಿ. ಇಲ್ಲವಾದರೆ ಒಂದು ಕಡೆ ಖರ್ಚಾಗಿ, ಇನ್ನೊಂದು ಕಡೆ ಆದಾಯವಾಗಿ ಕುಳಿತುಬಿಡುತ್ತದೆ.

ತಿಂಗಳಿಗೊಮ್ಮೆ ಸಾಲದು

ನೆಫ್ಟ್ ಸೇವೆಯು 2019ರ ಡಿಸೆಂಬರ್ 16ರಿಂದಲೂ ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದಲೂ ಹಗಲಿರುಳು ನಡೆಯುತ್ತಿವೆ. ಭಾನುವಾರ ರಾತ್ರಿಯೂ ಖಾತೆಯಿಂದ ಹಣ ಹೋಗಬಹುದು. ಭಾರತೀಯ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು ವಂಚನೆಯ ವಿದ್ಯುನ್ಮಾನ ವ್ಯವಹಾರಗಳಲ್ಲಿ ಗ್ರಾಹಕರ ಹೊಣೆಯನ್ನು ದಿನಗಳ ಲೆಕ್ಕದಲ್ಲಿ ಗೊತ್ತುಪಡಿಸಿತು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ ಎಂದಾದಾಗ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕರಿಗೆ ಹೊಣೆಯಿಲ್ಲ. ನಾಲ್ಕರಿಂದ ಏಳು ದಿನಗಳಾದರೆ ಸೀಮಿತ ಹೊಣೆ. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ಧೋರಣೆಯಂತೆ ಎಂದು ಅದು ವಿಧಿಸಿತು. ತಿಂಗಳ ಕೊನೆಗೆ ತಾಳೆ ನೋಡುವವರಿಗೆ ಈ ರಕ್ಷಣೆಯಿಂದ ಪ್ರಯೋಜನವೇನು? ವ್ಯವಹಾರದ ಖಾತೆಯನ್ನು ದಿನವೂ ಒಮ್ಮೆ ಕಣ್ಣಾಡಿಸುವುದು, ವಾರಕ್ಕೊಮ್ಮೆ ತಾಳೆ ನೋಡುವುದು, ತಿಂಗಳಿಗೊಮ್ಮೆ ತಾಳೆಪಟ್ಟಿಯನ್ನು ಮುದ್ರಿಸಿ ಮಾಲೀಕರೇ ಸಹಿ ಮಾಡುವುದು – ಇದು ನಾನು ಕಕ್ಷಿದಾರರಿಗೆ ಹೇಳುವ ಕ್ರಮ.

ಎಷ್ಟು ನೋಡಿದರೂ ವ್ಯತ್ಯಾಸ ಉಳಿದರೆ ಹಳೆಯ ಕಾಲದ ಎರಡು ಉಪಾಯಗಳು ಇಂದಿಗೂ ಕೆಲಸಕ್ಕೆ ಬರುತ್ತವೆ. ವ್ಯತ್ಯಾಸವು 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಹಿಂದುಮುಂದಾಗಿರಬಹುದು: 5,400ರ ಬದಲು 4,500 ಬರೆದರೆ ವ್ಯತ್ಯಾಸ 900. ವ್ಯತ್ಯಾಸದ ಅರ್ಧ ಮೊತ್ತದ ನಮೂದೊಂದು ಸಿಕ್ಕರೆ ಅದು ಜಮೆಯ ಬದಲು ಖರ್ಚಿಗೋ ಖರ್ಚಿನ ಬದಲು ಜಮೆಗೋ ಹೋಗಿರಬಹುದು. ಇಷ್ಟಾದರೂ ಸಿಗದಿದ್ದರೆ ಹುಡುಕುವುದನ್ನು ನಾಳೆಗೆ ಇಟ್ಟುಕೊಳ್ಳಿ. ಆದರೆ 'ಹೊಂದಾಣಿಕೆ' ಎಂಬ ಹೆಸರಿನಲ್ಲಿ ಒಂದು ನಮೂದು ಹಾಕಿ ಸೊನ್ನೆ ಮಾಡಬೇಡಿ. ತಂತ್ರಾಂಶವು ಅದಕ್ಕೊಂದು ಗುಂಡಿಯನ್ನು ಒದಗಿಸಿದರೂ ಒತ್ತಬೇಡಿ.

ಆರಂಭದಲ್ಲಿ ಹೇಳಿದ ಘಟಕದಲ್ಲಿ ಈಗ ಒಂದು ಸಣ್ಣ ಬದಲಾವಣೆಯಾಗಿದೆ. ಬಂದ ಚೆಕ್ಕನ್ನೂ ಕೊಟ್ಟ ಚೆಕ್ಕನ್ನೂ ಅದೇ ದಿನ ಗುಮಾಸ್ತರು ಪುಸ್ತಕದಲ್ಲಿ ಬರೆಯುತ್ತಾರೆ. ಬ್ಯಾಂಕಿನ ಕಡತವನ್ನು ಶನಿವಾರ ತಂದು ಹೋಲಿಸುತ್ತಾರೆ. ಈಗ ಅವರ ತಾಳೆಪಟ್ಟಿಯಲ್ಲಿ ಪ್ರತಿ ತಿಂಗಳೂ ನಾಲ್ಕಾರು ಬಾಕಿ ಸಾಲುಗಳಿರುತ್ತವೆ. ಕಳೆದ ಸಲ ಹೋದಾಗ ಮಾಲೀಕರು ಅದನ್ನು ಸ್ವಲ್ಪ ಸಂಕೋಚದಿಂದಲೇ ಮುಂದಿಟ್ಟರು. ನಾನು ಪ್ರತಿ ಸಾಲಿನ ಎದುರಿನ ಕಾರಣವನ್ನೂ ದಿನಾಂಕವನ್ನೂ ಓದಿದೆ. ಒಂದಕ್ಕೂ ಪ್ರಶ್ನೆ ಕೇಳಬೇಕಾಗಲಿಲ್ಲ.